ಫೋನಿಗೆ ವೈಫೈ ಸಿಗ್ತದೆ, ಟಿವಿಯಲ್ಲಿ ಹೆಸರೇ ಕಾಣುದಿಲ್ಲ, ಎಂತ ಮಾಡುದು?

ಹೆಂಚಿನಮನೆ_ಬ್ರಹ್ಮಾವರ

ನಮಸ್ಕಾರ. ನಮ್ಮದು ಬ್ರಹ್ಮಾವರದಿಂದ ಸ್ವಲ್ಪ ಒಳಗೆ ಹಳೇ ಹೆಂಚಿನ ಮನೆ, ಮುರಕಲ್ಲಿನ ಗೋಡೆ, ಹಿಂದೆ ಎರಡು ರೂಮು ಮಾತ್ರ ಈಚೆಗೆ ಸ್ಲ್ಯಾಬ್ ಹಾಕಿ ಕಟ್ಟಿದ್ದು. ಫೈಬರ್ ನೆಟ್ ಮುಂಚಿನಿಂದಲೂ ಉಂಟು. ಮೊನ್ನೆ ಗುಡುಗು ಬಂದ ದಿನ ರೌಟರ್ ಸುಟ್ಟು ಹೋಯ್ತು, ನೆಟ್ಟಿನವರು ಬಂದು ಹೊಸದು ಇಟ್ಟು ಹೋದ್ರು, ಅದೇ ಹೆಸರು ಅದೇ ಪಾಸ್‌ವರ್ಡ್ ಇಟ್ಟಿದ್ದೇವೆ ಎಲ್ಲ ತನ್ನಷ್ಟಕ್ಕೆ ಕನೆಕ್ಟ್ ಆಗ್ತದೆ ಅಂತ ಹೇಳಿದ್ರು. ಫೋನು, ಮಗಳ ಲ್ಯಾಪ್‌ಟಾಪ್ ಎಲ್ಲ ಆಯ್ತು. ಚಾವಡಿಯ ಟಿವಿ ಮಾತ್ರ ಆಗಲಿಲ್ಲ. ನೆಟ್‌ವರ್ಕ್ ಲಿಸ್ಟ್ ತೆಗೆದ್ರೆ ಪಕ್ಕದ ಮನೆಯವರ ವೈಫೈ ಹೆಸರು ಕಾಣ್ತದೆ, ನಮ್ಮದೇ ಕಾಣುದಿಲ್ಲ!! ಟಿವಿ 2017ರದ್ದು, 43 ಇಂಚು. ಆಫ್ ಮಾಡಿ ಆನ್ ಮಾಡಿ ಆಯ್ತು, ಫ್ಯಾಕ್ಟರಿ ರಿಸೆಟ್ ಕೂಡ ಮಾಡಿ ಆಯ್ತು, ಈಗ ಆ್ಯಪ್‌ಗಳೆಲ್ಲ ಪುನಃ ಲಾಗಿನ್ ಮಾಡುವ ಕೆಲಸ ಬೇರೆ.

ಅರ್ಜೆಂಟ್ ಎಂತಕ್ಕೆ ಅಂದ್ರೆ ಅಮ್ಮನಿಗೆ ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನ ಆಟದ ಲೈವ್ ಆಗಲೇಬೇಕು, ಬಯಲಿಗೆ ಹೋಗಿ ಬೆಳಗಿನವರೆಗೆ ಕೂತು ನೋಡುವ ಪ್ರಾಯ ದಾಟಿತು. ಪತ್ತನಾಜೆಗೆ (ಮೇಳಗಳ ತಿರುಗಾಟ ಮುಗಿಯುವ ದಿನ) ಇನ್ನು ಹೆಚ್ಚು ದಿನ ಇಲ್ಲ, ಅದಾದ ಮೇಲೆ ಮೇಳಗಳು ಗೆಜ್ಜೆ ಬಿಚ್ಚಿದ್ರೆ ಮತ್ತೆ ದೀಪಾವಳಿ ಕಳೆಯಬೇಕು. ಫೋನಿನಲ್ಲಿ ತೋರಿಸಿದ್ರೆ "ವೇಷ ಇರುವೆಯಷ್ಟು ಕಾಣ್ತದೆ" ಅಂತ ಬೈಗುಳ. ಗೊತ್ತಿದ್ದವರು ಹೇಳಿ.

ಪಡುಬಿದ್ರಿ_ಬೀಚ್

ಹೊಸ ಟಿವಿ ತಗೊಳ್ಳಿ ಸರ್, 2017ರದ್ದು ಅಂದ್ರೆ ಅದರ ಆಯುಷ್ಯ ಮುಗಿಯಿತು. ಈಗ ಕಡಿಮೆ ರೇಟಿಗೆ ಒಳ್ಳೊಳ್ಳೆದು ಬರ್ತದೆ.

ರಿಪೇರಿ_ಪಂಪ್‌ವೆಲ್

ಟಿವಿ ಬಿಸಾಡುವ ಮೊದಲು ಒಂದು ಕೆಲಸ ಮಾಡಿ. ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ ಟಿವಿ ಹತ್ತಿರ ಇಡಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ 2.4 ಗಿಗಾಹರ್ಟ್ಸ್ ಅಂತ ಇದ್ದರೆ ಅದನ್ನೇ ಆರಿಸಿ (ಐಫೋನ್ ಆದ್ರೆ "ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ" ಅಂತ ಒಂದು ಬಟನ್ ಇರ್ತದೆ, ಅದು ಆನ್ ಇರ್ಬೇಕು). ಟಿವಿಯಲ್ಲಿ ಅದರ ಹೆಸರು ಕಂಡು ಯೂಟ್ಯೂಬ್ ಓಡಿದ್ರೆ ಟಿವಿ ಗಟ್ಟಿ ಉಂಟು, ದೋಷ ರೌಟರಿನ ಸೆಟ್ಟಿಂಗಿನಲ್ಲಿ ಅಥವಾ ನಡುವಿನ ಗೋಡೆಯಲ್ಲಿ. ಹಾಟ್‌ಸ್ಪಾಟೂ ಕಾಣದಿದ್ರೆ ಟಿವಿಯ ವೈಫೈ ಬೋರ್ಡ್ ಹೋಗಿದೆ ಅಂತ ಲೆಕ್ಕ, ಮೊನ್ನೆಯ ಗುಡುಗಿಗೆ ಅದೂ ಹೋಗಿರಬಹುದು. ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಇದೊಂದು ನೋಡದೆಯೇ ಟಿವಿ ಹೊತ್ತುಕೊಂಡು ಬರ್ತಾರೆ, ಬಿಚ್ಚಿ ನೋಡಿದ್ರೆ ಎಂತದೂ ಇಲ್ಲ.

ಹೆಂಚಿನಮನೆ_ಬ್ರಹ್ಮಾವರ

@ರಿಪೇರಿ_ಪಂಪ್‌ವೆಲ್ ನೋಡಿದೆ. ಹಾಟ್‌ಸ್ಪಾಟ್ ಕಾಣ್ತದೆ, ಯೂಟ್ಯೂಬ್ ಕೂಡ ಓಡಿತು. ಅಮ್ಮ "ಸರಿಯಾಯ್ತಲ್ಲ, ಹಾಗೇ ಬಿಡು" ಅಂತ ಹೇಳ್ತಾರೆ, ನನ್ನ ಡೇಟಾ ಅಲ್ವಾ ಹೋಗುದು. ಹಾಗಾದ್ರೆ ರೌಟರಿನಲ್ಲಿ ಎಂತ ನೋಡ್ಬೇಕು? ಅದು ಹಿಂದಿನ ಹೊಸ ರೂಮಿನಲ್ಲಿ, ಟಿವಿ ಎದುರು ಚಾವಡಿಯಲ್ಲಿ.

ಮಣಿಪಾಲ_ಹಾಸ್ಟೆಲ್

ನಾನು ಇಲೆಕ್ಟ್ರಾನಿಕ್ಸ್ ಓದ್ತಾ ಇರುದು, ಸ್ವಲ್ಪ ಉದ್ದ ಬರೀತೇನೆ ಬೇಜಾರು ಮಾಡ್ಬೇಡಿ.

ಈಗಿನ ರೌಟರ್ ಎರಡು ಬ್ಯಾಂಡಿನಲ್ಲಿ ಸಿಗ್ನಲ್ ಬಿಡ್ತದೆ, 2.4 ಮತ್ತು 5 ಗಿಗಾಹರ್ಟ್ಸ್. ಎರಡಕ್ಕೂ ಒಂದೇ ಹೆಸರು ಇಟ್ಟಿರ್ತಾರೆ, ಹಾಗಾಗಿ ಹೊರಗಿಂದ ನೋಡಿದ್ರೆ ಒಂದೇ ವೈಫೈ ಅಂತ ಕಾಣುದು. ನಿಮ್ಮ ಟಿವಿ ಆ ಕಾಲದ್ದು, 2.4 ಮಾತ್ರ ಹಿಡಿಯುವ ಸಾಧ್ಯತೆ ಜಾಸ್ತಿ. ಅಂದ್ರೆ ಫೋನು 5ರಲ್ಲಿ ಆರಾಮ ಕೂತಿದೆ, 2.4ರ ಕಡೆ ಏನೋ ಎಡವಟ್ಟಾಗಿದೆ, ಅದು ಫೋನಿಗೆ ಗೊತ್ತೇ ಆಗುದಿಲ್ಲ.

ಮೊದಲು ರೌಟರ್ ಪೇಜ್ ತೆಗೀರಿ. ಬ್ರೌಸರಿನಲ್ಲಿ 192.168.1.1 ಹಾಕಿದ್ರೆ ಸಾಧಾರಣ ಬರ್ತದೆ, ಬರದಿದ್ರೆ ರೌಟರ್ ಅಡಿಯ ಸ್ಟಿಕ್ಕರಿನಲ್ಲಿ ವಿಳಾಸ, ಯೂಸರ್‌ನೇಮ್ ಎರಡೂ ಇರ್ತದೆ. ಅಲ್ಲಿ 2.4 ಆನ್ ಉಂಟಾ ನೋಡಿ. ಆನ್ ಇದ್ದರೆ ಚಾನೆಲ್ ಎಷ್ಟು ಅಂತ ನೋಡಿ. ನಮ್ಮ ದೇಶದಲ್ಲಿ 2.4ರಲ್ಲಿ 1ರಿಂದ 13ರವರೆಗೆ ಚಾನೆಲ್ ಉಂಟು, ಅಮೇರಿಕದಲ್ಲಿ ಬಳಸುದು 11ರವರೆಗೆ ಮಾತ್ರ. ಕೆಲವು ಟಿವಿಗಳು ಆ 11ರ ಲೆಕ್ಕದಲ್ಲೇ ತಯಾರಾಗಿ ಬಂದಿರ್ತವೆ, 12 ಅಥವಾ 13ರಲ್ಲಿ ರೌಟರ್ ಇದ್ದರೆ ಅವುಗಳ ಪಾಲಿಗೆ ಆ ರೌಟರೇ ಇಲ್ಲ. ಚಾನೆಲ್ "ಆಟೋ" ಅಂತ ಇಟ್ಟಿದ್ರೆ ರೌಟರ್ ತನಗೆ ಖಾಲಿ ಕಂಡಲ್ಲಿ ಹೋಗಿ ಕೂರ್ತದೆ, 13 ಎಲ್ಲರೂ ಬಿಟ್ಟ ಜಾಗ ಅಲ್ವಾ, ಅಲ್ಲಿಗೇ ಹೋಗುದು. 1, 6, 11 ಈ ಮೂರರಲ್ಲಿ ಒಂದು ಇಡಿ, ಈ ಮೂರು ಒಂದರ ಮೇಲೊಂದು ಬೀಳುದಿಲ್ಲ.

ಹೆಸರು ಕಂಡು, ಪಾಸ್‌ವರ್ಡ್ ಸರಿ ಹಾಕಿದ್ರೂ ಕನೆಕ್ಟ್ ಆಗದಿದ್ರೆ ಅದು ಬೇರೆ ಕಥೆ. ಸೆಕ್ಯುರಿಟಿಯಲ್ಲಿ ಡಬ್ಲ್ಯುಪಿಎ3 (ವೈಫೈಗೆ ಬೀಗ ಹಾಕುವ ಹೊಸ ಕ್ರಮ) ಮಾತ್ರ ಅಂತ ಇಟ್ಟಿರ್ತಾರೆ. ಡಬ್ಲ್ಯುಪಿಎ3 ಬಂದದ್ದೇ 2018ರಲ್ಲಿ, ನಿಮ್ಮ ಟಿವಿ ಅದಕ್ಕಿಂತ ಹಿರಿಯ. ಡಬ್ಲ್ಯುಪಿಎ2 ಅಥವಾ ಎರಡೂ ಮಿಕ್ಸ್ ಇರುವುದನ್ನು ಇಟ್ಟರೆ ಆಯ್ತು.

5 ಹಿಡಿಯುವ ಟಿವಿ ಇದ್ದವರಿಗೂ ಇದೇ ತಾಪತ್ರಯ ಬರ್ತದೆ, 52ರಿಂದ 144ರವರೆಗಿನ ಚಾನೆಲ್ ರಾಡಾರಿನ ಜತೆ ಹಂಚಿಕೊಳ್ಳುವಂಥದ್ದು, ತುಂಬ ಟಿವಿಗಳು ಆ ಕಡೆ ತಿರುಗಿಯೂ ನೋಡುದಿಲ್ಲ. 36ರಿಂದ 48ರೊಳಗೆ ಇಟ್ಟರೆ ತೊಂದರೆ ಇಲ್ಲ.

ಹೆಂಚಿನಮನೆ_ಬ್ರಹ್ಮಾವರ

ಮಣಿಪಾಲದವರೇ ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಚಾನೆಲ್ ಆಟೋ ಅಂತ ಇತ್ತು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 13!! 6 ಮಾಡಿ ಸೇವ್ ಕೊಟ್ಟದ್ದೇ ಟಿವಿಯಲ್ಲಿ ಹೆಸರು ಬಂತು, ಪಾಸ್‌ವರ್ಡ್ ಹಾಕಿದೆ, ಕನೆಕ್ಟ್ ಆಯ್ತು.

ಆದ್ರೆ ರಾತ್ರಿ ಇನ್ನೊಂದು. ಆಟ ಶುರುವಾಗಿ ಪೀಠಿಕೆ ವೇಷದವರೆಗೆ ಚೆಂದ ಬಂತು, ಆಮೇಲೆ ತಿರುಗುದು, ನಿಲ್ಲುದು, ತಿರುಗುದು. ಭಾಗವತರ ಪದ ಅರ್ಧಕ್ಕೆ ತುಂಡಾಗಿ ಚೆಂಡೆ ಮಾತ್ರ ಕೇಳ್ತದೆ. ಟಿವಿಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ರಿಪೀಟರ್ ಅಂತ ಆನ್‌ಲೈನಿನಲ್ಲಿ ಸಿಗ್ತದಲ್ಲ, ಅದು ತಗೊಳ್ಳುದಾ? ಅಥವಾ 5 ಹಿಡಿಯುವ ಸ್ಟಿಕ್ ತಂದು ಟಿವಿಗೆ ಸಿಕ್ಕಿಸಿದ್ರೆ ಆಗ್ತದಾ?

ಮಣಿಪಾಲ_ಹಾಸ್ಟೆಲ್

ಸ್ಟಿಕ್ ಬೇಡ. 5 ಗಿಗಾಹರ್ಟ್ಸ್ ವೇಗ ಜಾಸ್ತಿ ಹೌದು ಆದ್ರೆ ಗೋಡೆ ದಾಟುವ ತಾಕತ್ತು 2.4ಕ್ಕಿಂತ ಕಡಿಮೆ. ನಿಮ್ಮಲ್ಲಿ ರೂಮಿನಿಂದ ಚಾವಡಿಗೆ ಬರ್ಲಿಕ್ಕೆ ಎಷ್ಟು ಗೋಡೆ ಉಂಟು ಗೊತ್ತಿಲ್ಲ, ಹಳೇ ಮುರಕಲ್ಲಿನ ಗೋಡೆ ಒಂದು ಮೊಳ ದಪ್ಪ ಇರ್ತದೆ. 2.4ಕ್ಕೇ ಒಂದು ಕಡ್ಡಿ ಅಂದ್ರೆ 5 ಅಲ್ಲಿಗೆ ತಲುಪುದೂ ಸಂಶಯ. ಇನ್ನು ಮುರಕಲ್ಲು ತೂತು ತೂತು ಇರುವ ಕಲ್ಲು, ಜೂನ್ ಬಂದು ಮಳೆ ಹಿಡಿದ್ರೆ ನೀರು ಕುಡೀತದೆ, ಒದ್ದೆ ಗೋಡೆ ಸಿಗ್ನಲನ್ನು ಇನ್ನೂ ನುಂಗ್ತದೆ. ಈಗ ಒಂದು ಕಡ್ಡಿ ಇದ್ದದ್ದು ಆಟಿ ತಿಂಗಳ ಮಳೆಯಲ್ಲಿ ಅದೂ ಇರ್ಲಿಕ್ಕಿಲ್ಲ.

ರಿಪೀಟರ್ ಆಗಬಹುದು, ಆದ್ರೆ ಟಿವಿ ಪಕ್ಕದ ಪ್ಲಗ್ಗಿಗೆ ಹಾಕಬೇಡಿ. ಅಲ್ಲಿ ಬರುವ ಬಡಕಲು ಸಿಗ್ನಲನ್ನೇ ಅದು ಪುನಃ ಬಿಡುದು, ಟಿವಿಯಲ್ಲಿ ಕಡ್ಡಿ ಫುಲ್ ಕಾಣ್ತದೆ ವಿಡಿಯೋ ಮಾತ್ರ ತಿರುಗ್ತಾ ಇರ್ತದೆ. ನಡುಕೋಣೆಯಲ್ಲಿ, ಸಿಗ್ನಲ್ ಇನ್ನೂ ಚೆಂದ ಇರುವ ಜಾಗದಲ್ಲಿ ಹಾಕ್ಬೇಕು. ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಆದ್ರೆ ತಗೊಳ್ಳುದೂ ಕೊಡುದೂ ಒಂದೇ ದಾರಿಯಲ್ಲಿ, ಸ್ಪೀಡ್ ಸುಮಾರು ಅರ್ಧಕ್ಕೆ ಇಳೀತದೆ.

ಕುಂದಾಪ್ರದ್_ಗಂಡ್

ಹ್ವಾಯ್, ಇಷ್ಟೆಲ್ಲ ಎಂತಕೆ ಮಾರಾಯ್ರೆ, ರೌಟರಿಂದ ಟಿವಿಗೆ ಒಂದ್ ಲ್ಯಾನ್ ಕೇಬಲ್ ಎಳ್ದ್ ಬಿಡಿ ಕಾಂಬ. ಟಿವಿ ಹಿಂದ್ ದೊಡ್ಡ್ ಫೋನ್ ಪಿನ್ನಿನಂಥದ್ದ್ ಒಂದ್ ತೂತ್ ಇರತ್ತಲೆ, ಅದೇ.

ಇನ್ನು ಎಲ್ಲರಿಗೂ ಅರ್ಥ ಆಗುವ ಹಾಗೆ ಬರೀತೆ. ನಾನು ಕುಂದಾಪುರ, ಕೋಟ, ಸಾಲಿಗ್ರಾಮ ಕಡೆ ಕ್ಯಾಮೆರಾ ಮತ್ತು ನೆಟ್ ವೈರಿಂಗ್ ಮಾಡುವವನು. ಹಳೇ ಮನೆಯಲ್ಲಿ ವೈಫೈ ಜತೆ ಗುದ್ದಾಡುವುದಕ್ಕಿಂತ ಕೇಬಲ್ ಎಳೆಯುವುದು ಸುಲಭ, ಯಾಕಂದ್ರೆ ಹೆಂಚಿನ ಅಡಿ ಗೋಡೆಗೂ ಪಕ್ಕಾಸಿಗೂ (ಮಾಡು ಹೊರುವ ಮರದ ಪಟ್ಟಿ) ನಡುವೆ ಸಂದು ಇದ್ದೇ ಇರ್ತದೆ, ಡ್ರಿಲ್ಲೇ ಬೇಡ. ಕ್ಯಾಟ್6 ಅನ್ನುವ ಲ್ಯಾನ್ ಕೇಬಲ್ 100 ಮೀಟರ್ ತನಕ ಸಮ ಕೆಲಸ ಮಾಡ್ತದೆ, ನಿಮ್ಮ ಮನೆ ಎಷ್ಟು ದೊಡ್ಡದಾದ್ರೂ ಅಷ್ಟು ಬೇಡ. ಟಿವಿಗಳಲ್ಲಿ ಲ್ಯಾನ್ ಪೋರ್ಟ್ ಹೆಚ್ಚಾಗಿ 100 ಎಂಬಿಪಿಎಸ್‌ದೇ ಇರುದು, ಅದನ್ನು ಕೇಳಿ ಕೆಲವರು ಮೂಗು ಮುರೀತಾರೆ. ನೆಟ್‌ಫ್ಲಿಕ್ಸಿನವರು 4ಕೆಗೆ ಕೇಳುದೇ 15, ಫುಲ್ ಎಚ್‌ಡಿಗೆ 5. ಆಟದ ಲೈವಿಗೆ 100 ಎಲ್ಲಿ ಖರ್ಚು ಮಾಡ್ತೀರಿ?

ಕೇಬಲ್ ತಗೊಳ್ಳುವಾಗ ಒಂದು ನೋಡಿ, ಅಗ್ಗದ್ದರಲ್ಲಿ ಒಳಗೆ ಅಲ್ಯುಮಿನಿಯಂ ತಂತಿ, ಮೇಲಿಂದ ತಾಮ್ರದ ಲೇಪ ಅಷ್ಟೆ. ಚೂರಿಯಿಂದ ಕೆರೆದ್ರೆ ಬೆಳ್ಳಗೆ ಕಾಣ್ತದೆ. ನಮ್ಮ ಉಪ್ಪುಗಾಳಿಗೆ ಅದು ಕನೆಕ್ಟರ್ ಹತ್ತಿರ ಬೇಗ ಹಾಳಾಗ್ತದೆ. ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ಳಿ. ಮತ್ತೆ ಅಟ್ಟದಲ್ಲಿ ಇಲಿ ಇಲ್ಲದ ಮನೆ ನಾನು ಕಂಡದ್ದಿಲ್ಲ, ಪಿವಿಸಿ ಪೈಪಿನೊಳಗೆ ಹಾಕಿ.

ಬಿಜೈ_ಅಕ್ಕ

ನಡುವೆ ನನ್ನದೊಂದು. ನಮ್ಮದು ಫ್ಲ್ಯಾಟ್, ರೌಟರ್ ಟಿವಿ ಎರಡೂ ಒಂದೇ ಹಾಲಿನಲ್ಲಿ, ಸಿಗ್ನಲ್ ಫುಲ್. ಟಿವಿ "ಕನೆಕ್ಟೆಡ್, ಇಂಟರ್ನೆಟ್ ಇಲ್ಲ" ಅಂತ ಹೇಳ್ತದೆ, ಫೋನಿನಲ್ಲಿ ಸರೀ ಬರ್ತದೆ. ಊರಿಗೆ ಹೋಗಿ ಬರುವಾಗ ಮೈನ್ ಸ್ವಿಚ್ ಆಫ್ ಮಾಡಿ ಇಟ್ಟಿದ್ವಿ, ಬಂದ ಮೇಲೆ ಹೀಗೆ. ಮತ್ತೆ ಮುಂಚೆ ಆಗ್ಲಿ ಈಗ ಆಗ್ಲಿ ನನ್ನ ಫೋನಿನಿಂದ ಟಿವಿಗೆ ಕಾಸ್ಟ್ ಮಾಡ್ಲಿಕ್ಕೆ (ಫೋನಿನ ವಿಡಿಯೋ ಟಿವಿಗೆ ಕಳಿಸ್ಲಿಕ್ಕೆ) ಆಗುದೇ ಇಲ್ಲ, ಯಜಮಾನ್ರ ಫೋನಿನಿಂದ ಆಗ್ತಿತ್ತು.

ರಿಪೇರಿ_ಪಂಪ್‌ವೆಲ್

@ಬಿಜೈ_ಅಕ್ಕ ಟಿವಿಯ ಸೆಟ್ಟಿಂಗಿನಲ್ಲಿ ತಾರೀಕು ನೋಡಿ ಅಕ್ಕ. ಕರೆಂಟ್ ತುಂಬ ದಿನ ಇಲ್ಲದಿದ್ರೆ ಕೆಲವು ಟಿವಿಯ ಗಡಿಯಾರ ಹಿಂದೆ ಹೋಗಿ ಯಾವುದೋ ಹಳೇ ಇಸವಿ ತೋರಿಸ್ತದೆ. ಯೂಟ್ಯೂಬ್‌ನಂಥ ಆ್ಯಪ್ ಸರ್ವರಿನ ಸರ್ಟಿಫಿಕೇಟ್ ನೋಡಿಯೇ ಒಳಗೆ ಬಿಡುದು, ಟಿವಿ ಲೆಕ್ಕದಲ್ಲಿ ಆ ಸರ್ಟಿಫಿಕೇಟಿಗೆ ಇನ್ನೂ ತಾರೀಕೇ ಬರಲಿಲ್ಲ, ಹಾಗಾಗಿ ನೆಟ್ ಇಲ್ಲ ಅಂತ ಹೇಳುದು. ತಾರೀಕು ಸಮಯ ಕೈಯಿಂದ ಸರಿ ಮಾಡಿ, ಆಮೇಲೆ ಆಟೋಗೆ ಹಾಕಿ. ತಾರೀಕು ಸರಿಯೇ ಇದ್ದರೆ ಡಿಎನ್ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿ ಕೊಡುವ ಸರ್ವರ್) ಜಾಗದಲ್ಲಿ 8.8.8.8 ಹಾಕಿ ನೋಡಿ. ಐಪಿ ವಿಳಾಸ 169.254 ಅಂತ ಶುರುವಾಗಿದ್ರೆ ರೌಟರ್ ಟಿವಿಗೆ ವಿಳಾಸವೇ ಕೊಡಲಿಲ್ಲ ಅಂತ ಅರ್ಥ, ರೌಟರ್ ಆಫ್ ಮಾಡಿ ಆನ್ ಮಾಡಿ.

ಕಾಸ್ಟ್ ಆಗದ್ದು ಬೇರೆ ಕಾರಣಕ್ಕೆ. ನಿಮ್ಮ ಫೋನು ಗೆಸ್ಟ್ ವೈಫೈಗೆ ಕನೆಕ್ಟ್ ಆಗಿರಬೇಕು, ಹೆಸರು ಸರೀ ನೋಡಿ. ಗೆಸ್ಟಿನಲ್ಲಿ ಇದ್ದವರಿಗೆ ಇಂಟರ್ನೆಟ್ ಸಿಗ್ತದೆ, ಮನೆಯ ಬೇರೆ ಸಾಮಾನು ಯಾವುದೂ ಕಾಣುದಿಲ್ಲ, ಅದನ್ನು ಮಾಡಿದ್ದೇ ಹಾಗೆ.

ಬಿಜೈ_ಅಕ್ಕ

2015 ಅಂತ ಇತ್ತು 😄 ಸರಿ ಮಾಡಿದ ಕೂಡಲೇ ಬಂತು. ಗೆಸ್ಟ್ ಕೂಡ ಹೌದು, ಮಗ ಹಾಕಿ ಕೊಟ್ಟದ್ದು, ಸಂಜೆ ಬರ್ಲಿ ವಿಚಾರಿಸ್ತೇನೆ.

ಹೆಂಚಿನಮನೆ_ಬ್ರಹ್ಮಾವರ

ಕೇಬಲ್ ಎಳೆಯುದು ಅಂತಲೇ ಆಯ್ತು. ಪಕ್ಕಾಸಿನ ಸಂದಿನಿಂದ ಹೋಗ್ತದೆ, ನೋಡಿದೆ. ಆದ್ರೆ ಗುಡುಗಿನ ಹೆದರಿಕೆ ಉಂಟು, ಒಂದು ರೌಟರ್ ಹೋಗಿ ಆಯ್ತು. ಕೇಬಲ್ ಹಾಕಿದ್ರೆ ಟಿವಿಯೂ ಹೋಗುದಿಲ್ವಾ?

ಕುಂದಾಪ್ರದ್_ಗಂಡ್

ಒಳ್ಳೆ ಪ್ರಶ್ನೆ. ಫೈಬರ್ ಒಳಗಿರುವುದು ಗಾಜು, ಅದರಿಂದ ಕರೆಂಟ್ ಬರುದಿಲ್ಲ. ಬರುದು ರೌಟರಿನ ಅಡಾಪ್ಟರಿನಿಂದ, ಮತ್ತೆ ಮಾಡಿನ ಮೇಲೆ ಡಿಶ್ ಇದ್ದರೆ ಅದರ ವೈರಿನಿಂದ. ಈಗ ಟಿವಿಗೆ ಡಿಶ್ಶೂ ಉಂಟು ಲ್ಯಾನೂ ಉಂಟು ಅಂದ್ರೆ ಎರಡು ಸಾಮಾನು ಒಂದೇ ಹಗ್ಗದಲ್ಲಿ ಕಟ್ಟಿದ ಹಾಗೆ, ಒಂದಕ್ಕೆ ಹೊಡೆದ್ರೆ ಇನ್ನೊಂದಕ್ಕೂ ದಾರಿ ಸಿಗ್ತದೆ. ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲ್ದು. ಏಪ್ರಿಲ್ ಮೇ ಮತ್ತೆ ನವರಾತ್ರಿ ಕಳೆದ ಮೇಲಿನ ಗುಡುಗಿಗೆ ಪ್ಲಗ್ ಎಳೀರಿ, ಡಿಶ್ ವೈರ್ ಬಿಚ್ಚಿ, ಲ್ಯಾನ್ ಪಿನ್ನೂ ತೆಗೀರಿ. ಲ್ಯಾನ್ ಪಿನ್ ತೆಗೆಯುವಾಗ ಮೇಲಿನ ಸಣ್ಣ ನಾಲಗೆ ಒತ್ತಿ ಎಳೀಬೇಕು, ಜಗ್ಗಿದ್ರೆ ಅದು ಮುರಿದು ಆಮೇಲೆ ನಿಲ್ಲುದಿಲ್ಲ. ಅಮ್ಮನಿಗೂ ಒಮ್ಮೆ ತೋರಿಸಿ ಕೊಡಿ. ಮನೆ ಒಳಗಿನ ಕೇಬಲ್‌ಗೆ ಇಷ್ಟು ಸಾಕು. ಅಂಗಳ ದಾಟಿಸಿ ಕೊಟ್ಟಿಗೆಗೋ ಔಟ್‌ಹೌಸಿಗೋ ಮಾತ್ರ ತಾಮ್ರದ ಕೇಬಲ್ ಎಳೀಬೇಡಿ, ಅಲ್ಲಿಗೆ ಫೈಬರೇ ಸರಿ.

ಹೆಂಚಿನಮನೆ_ಬ್ರಹ್ಮಾವರ

ಡಿಶ್ ತೆಗೆದು ವರ್ಷ ಆಯ್ತು, ಬಚಾವು. ಪಿನ್ ಹೊಡೆಯುವ ಇಕ್ಕುಳ ಇಲ್ಲೇ ಒಬ್ಬರ ಹತ್ತಿರ ಉಂಟು, ತರ್ತೇನೆ. ಬಣ್ಣದ ಕ್ರಮ ಹೇಗೆ?

ಕುಂದಾಪ್ರದ್_ಗಂಡ್

ಪಿನ್ನಿನ ನಾಲಗೆ ಕೆಳಗೆ ಮಾಡಿ ಹಿಡಿದು, ಎಡದಿಂದ: ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿಗೆ ಇದೇ ಕ್ರಮ. 100 ಎಂಬಿಪಿಎಸ್‌ಗೆ ಕೆಲಸ ಮಾಡುದು ಕೇಸರಿ ಜೋಡಿ ಮತ್ತು ಹಸಿರು ಜೋಡಿ ಮಾತ್ರ, ಟಿವಿಯಲ್ಲಿ ನೆಟ್ ಬರದಿದ್ರೆ ಮೊದಲು ಆ ನಾಲ್ಕು ತಂತಿ ತುದಿಯವರೆಗೆ ಹೋಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಹೊರಗಿನ ಸಿಪ್ಪೆ ಪಿನ್ನಿನ ಒಳಗೆ ಬರುವ ಹಾಗೆ ಒತ್ತಿ, ಇಲ್ಲದಿದ್ರೆ ಕೇಬಲ್ ಅಲ್ಲಾಡಿದಾಗೆಲ್ಲ ನೆಟ್ ಹೋಗ್ತದೆ.