ಕೋಲಾ ಕಾಯಿ ಅಗಿದರೆ ಬಾಯಾರಿಕೆ ಹೋಗುತ್ತಾ, ಬೆವರು ಜಾಸ್ತಿಯಾಗುತ್ತಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಮೆಕ್ಯಾನಿಕ್:
ಕೆಲಸಕ್ಕೆಂದು ಉತ್ತರ ನೈಜೀರಿಯಾದ ಕಾನೋಗೆ ಬಂದು ಮೂರು ವಾರ. ಏಪ್ರಿಲ್ ಬಿಸಿಲು, ಮಧ್ಯಾಹ್ನ 40 ಡಿಗ್ರಿ. ವರ್ಕ್‌ಶಾಪಿನ ಹುಡುಗರು ಬೆಳಿಗ್ಗೆಯಿಂದ ‘ಗೋರೋ’ (ಕೋಲಾ ಕಾಯಿಗೆ ಇಲ್ಲಿ ಹೀಗಂತಾರೆ) ಅಗಿಯುತ್ತಲೇ ಇರುತ್ತಾರೆ. ಇದು ಬಾಯಲ್ಲಿದ್ದರೆ ನೀರೇ ಬೇಡ ಅಂತಾರೆ. ನಿನ್ನೆ ಖಾಲಿ ಹೊಟ್ಟೆಯಲ್ಲಿ ಒಂದು ಕೆಂಪು ಕಾಯಿ ಪೂರ್ತಿ ತಿಂದೆ. ಕಡು ಕಹಿ. ಬಾಯಾರಿಕೆ ಹೋಯ್ತು ನಿಜ, ಆದರೆ ಎದೆ ಡವಡವ, ಅಂಗೈ ಬೆವರಿ ಸ್ಪ್ಯಾನರ್ ಎರಡು ಸಲ ಜಾರಿತು. ಮುಂದುವರಿಸಲಾ, ಬಿಡಲಾ?

ಗದಗಿನ ಕಾಕಾ:
ತಮ್ಮಾ, ನಾ ಇದೇ ಕಾನೋದಾಗ ಒಂಬತ್ತು ವರ್ಷದಿಂದ ಅದೀನಿ. ಗೋರೋ ಬಾಯಾರಿಕಿ ಕಳಿಯಂಗಿಲ್ಲ, ಮರಸ್ತದ. ಅದರ ಒಗರಿಗೆ ಬಾಯಾಗ ಜೊಲ್ಲು ಬರ್ತದ, ನುಂಗಿದ್ರ ಗಂಟಲ ಹಸಿ ಅನಸ್ತದ. ಮೈಗೆ ನೀರು ಎಲ್ಲಿಂದ ಬಂತು?

ಮೊದಲ್ನೇ ಬ್ಯಾಸಗಿಯೊಳಗ ನಾನೂ ಹಿಂಗ ಮಾಡಿದ್ದೆ. ಮುಂಜಾನಿಂದ ನಾಲ್ಕು ಗಂಟೆ ತನಕ ಬರೇ ಗೋರೋ. ಹಸಿವಿಲ್ಲ, ದಣಿವಿಲ್ಲ, ಭಾಳ ಖುಷಿ. ಸಂಜಿಕ್ಕ ಉಚ್ಚಿ ನೋಡಿದ್ರ ಕಡಕ್ ಚಹಾದ ಬಣ್ಣ! ರಾತ್ರಿ ಮೀನಖಂಡ ಹಿಡದು ಕಿರಚಿಬಿಟ್ಟೆ. ಅವತ್ತಿಂದ ಒಂದು ತುಣುಕು ಅಗದ್ರ ಮ್ಯಾಲೆ ಒಂದು ‘ಪ್ಯೂರ್ ವಾಟರ್’. ಬೀದಿಯೊಳಗ ಮಾರ್ತಾರಲ್ಲ, ಅರ್ಧ ಲೀಟರ್ ಪಾಕೀಟು, ಮೂಲಿ ಹಲ್ಲಿಂದ ಕಡದು ಕುಡೀತಾರ, ಅದ. ಇನ್ನೊಂದು ಮಜಾ ಕೇಳು: ಗೋರೋ ಅಗದ ಮ್ಯಾಲೆ ನೀರು ಸಿಹಿ ಹತ್ತತದ, ನೆಲ್ಲಿಕಾಯಿ ತಿಂದು ನೀರು ಕುಡದ್ಹಂಗ. ಬೆಚ್ಚನ್ನ ಪಾಕೀಟಿನ ನೀರೂ ರುಚಿ ಆಗ್ತದ. ಗೋರೋದ ಖರೇ ಉಪಯೋಗ ಇಷ್ಟ ಅಂತೀನಿ.

ಕೊಳ್ಳುವಾಗ ಎಲಿಯೊಳಗ ಸುತ್ತಿಟ್ಟಿದ್ದ ಹಸೀ ಕಾಯಿನ ತಗೋ. ಹುಳದ ತೂತು ನೋಡು. ಸಂಜಿ ನಾಲ್ಕರ ಮ್ಯಾಲೆ ಮುಟ್ಟಬ್ಯಾಡ, ನಿದ್ದಿ ಬರಂಗಿಲ್ಲ.

ಶಿರಸಿ ಮಾಣಿ:
ಬೆವರಿನ ಬಗ್ಗೆ ನಾನು ಹೇಳ್ತೆ. ಎರಡು ವರ್ಷ ಘಾನಾದ ಕುಮಾಸಿಯಲ್ಲಿದ್ದವ, ಅದಕ್ಕೂ ಮುಂಚೆ ಅಡಿಕೆ ತೋಟದಲ್ಲೇ ಬೆಳೆದವ. ಅಡಿಕೆ ಸೊಕ್ಕಿದರೆ ಏನಾಗ್ತದೆ ಗೊತ್ತುಂಟಲ್ಲ? ಕಿವಿ ಬಿಸಿ, ಹಣೆ ಮೇಲೆ ಹನಿ, ತಲೆ ಗಿರ್ರ್. ಒಂದು ಚೂರು ಬೆಲ್ಲ ಬಾಯಿಗೆ ಹಾಕಿ ಸ್ವಲ್ಪ ಹೊತ್ತು ಕೂತರೆ ಮುಗೀತು. ಆ ಸೊಕ್ಕು ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕದ ಕೆಲಸ, ಬೆವರು ಮತ್ತು ಜೊಲ್ಲಿನ ಗ್ರಂಥಿಗಳನ್ನೇ ಕೆಣಕ್ತದೆ.

ಕೋಲಾದಲ್ಲಿ ಅದಿಲ್ಲ, ಅಲ್ಲಿರುವುದು ಕೆಫೀನ್. ಒಣತೂಕದಲ್ಲಿ ಸುಮಾರು ಶೇ 2. ದೊಡ್ಡ ಕಾಯಿ ಪೂರ್ತಿ ಅಗಿದರೆ ಒಂದೆರಡು ಲೋಟ ಗಟ್ಟಿ ಕಾಫಿ ಕುಡಿದ ಹಾಗೆ. ನಿಧಾನಕ್ಕೆ ಏರ್ತದೆ, ಗಂಟೆಗಟ್ಟಲೆ ಇಳಿಯುವುದಿಲ್ಲ. ಹಾಗಾಗಿ ಎದೆ ಡವಡವ ಕಾಯಿಯದ್ದೇ, ಅಂಗೈ ಬೆವರಿಗೆ ಬಿಸಿಲಿನದ್ದೂ ಪಾಲುಂಟು ಮಾರಾಯ್ರೆ! ಮತ್ತೆ, ಇದು ಬೇಡ ಅಂತ ಊರಿಂದ ಅಡಿಕೆ ತರಿಸಿ ಅಗಿಯಬೇಡಿ. ಅಡಿಕೆ ಬೆಳೆದ ಮನೆಯವನೇ ಹೇಳ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಲೇಗೋಸ್ ಅಕ್ಕ:
ತಮ್ಮಾ, ‘ಬಿಟರ್ ಕೋಲಾ’ ಅಂತ ಇನ್ನೊಂದು ಸಿಗುತ್ತೆ, ಇಲ್ಲಿನವರ ಬಾಯಲ್ಲಿ ‘ಒರೊಗ್ಬೋ’. ಹೆಸರು ಕೇಳಿ ಮೋಸ ಹೋಗಬೇಡ, ಅದು ನಮ್ಮ ಪುನರ್ಪುಳಿ ಜಾತಿಯ ಮರದ್ದು. ಗೋರೋ ಥರ ಎದೆ ಬಡಿಸೋದಿಲ್ಲ. ನಮ್ಮನೆಯವರಿಗೆ ಬಿಪಿ ಇದೆ, ಗೋರೋನೂ ಕಾಫಿ ಲೆಕ್ಕಕ್ಕೇ ಸೇರಿಸಿ ಅಂದರು ಡಾಕ್ಟರು. ಹಿರಿಯರು ಕೊಟ್ಟಾಗ ಬೇಡ ಅಂದರೆ ಬೇಜಾರಾಗ್ತಾರೆ, ನಮ್ಮಲ್ಲಿ ತಾಂಬೂಲ ತಿರಸ್ಕರಿಸಿದ ಹಾಗೆ. ತಗೊಂಡು ‘ನಾ ಗೋದೆ’ (ಧನ್ಯವಾದ) ಅಂತ ಹೇಳಿ ಜೇಬಿಗೆ ಹಾಕ್ಕೋ.

ದಾವಣಗೆರೆ ಮೆಕ್ಯಾನಿಕ್:
ಹತ್ತು ದಿನ ಆಯ್ತು. ಬೆಳಿಗ್ಗೆ ಹತ್ತಕ್ಕೆ, ತಿಂಡಿ ಆದ ಮೇಲೆ, ಉಗುರಿನಷ್ಟು ಚೂರು ಮಾತ್ರ. ಹಿಂದೆಯೇ ಒಂದು ಪಾಕೀಟು ನೀರು. ಕಾಕಾ ಹೇಳಿದ ಹಾಗೆ ನಿಜವಾಗಿ ಸಿಹಿ! ಮಧ್ಯಾಹ್ನ ‘ಝೋಬೋ’ ಅಂತ ಕೆಂಪು ಪಾನಕ ಕುಡಿತೀನಿ, ನಮ್ಮ ಪುಂಡಿ ಜಾತಿಯ ಹೂವಿನದ್ದಂತೆ. ಎದೆ ಡವಡವ ನಿಂತಿದೆ. ಅಂಗೈ ಇನ್ನೂ ಬೆವರುತ್ತೆ, ಸ್ಪ್ಯಾನರ್ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿಕೊಂಡಿದ್ದೀನಿ.