ಹುಲ್ಲುಗಾವಲಿನ ಚೀತಾ ಅಳಿದದ್ದು ಬೇಟೆಯಿಂದಲೇ?

ಅಕ್ಕಲಕೋಟೆಯ ಓದುಗ:
ನಮ್ಮ ಸೊಲ್ಲಾಪುರ ಸೀಮೆಯ ಬಯಲಿನಲ್ಲಿ ಇಂದಿಗೂ ತೋಳ, ಕೃಷ್ಣಮೃಗಗಳು ಕಾಣಸಿಗುತ್ತವೆ. ಇಂಥದೇ ಬಯಲನ್ನು ನಂಬಿದ್ದ ಚೀತಾ ಮಾತ್ರ ಭಾರತದಿಂದ ಏಕೆ ಅಳಿಯಿತು? ತಿಳಿದವರು ದಯವಿಟ್ಟು ವಿವರಿಸಬೇಕು.

ಕೊಲ್ಹಾಪುರದಿಂದ:
ಕೊಂದದ್ದಷ್ಟೇ ಅಲ್ಲ, ಹಿಡಿದದ್ದೂ ಹಾನಿ ಮಾಡಿತು. ಕೃಷ್ಣಮೃಗದ ಬೇಟೆಗೆ ಪಳಗಿಸಲೆಂದು ಅರಸರು ಶತಮಾನಗಳ ಕಾಲ ಕಾಡಿನ ಚೀತಾಗಳನ್ನು ಹಿಡಿಸುತ್ತಿದ್ದರು. ಬಂಧನದಲ್ಲಿ ಅವು ಮರಿ ಹಾಕುವುದು ತೀರಾ ಅಪರೂಪವಾದ್ದರಿಂದ (ಜಹಾಂಗೀರನ ಕಾಲದಲ್ಲಿ ಒಮ್ಮೆ ಮರಿ ಹಾಕಿದ್ದು ದಾಖಲಾಗುವಷ್ಟು ಸೋಜಿಗವೆನಿಸಿತ್ತು) ಹಿಡಿದ ಪ್ರತಿಯೊಂದೂ ಕಾಡಿಗೆ ಶಾಶ್ವತ ನಷ್ಟವಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿಯ ಸಂತತಿ ಎಷ್ಟು ಬರಿದಾಗಿತ್ತೆಂದರೆ, ನಮ್ಮ ಕೊಲ್ಹಾಪುರ ಸಂಸ್ಥಾನವೂ ಆಫ್ರಿಕಾದಿಂದ ಚೀತಾಗಳನ್ನು ತರಿಸಿಕೊಂಡಿತು. 1947ರಲ್ಲಿ ಈಗಿನ ಛತ್ತೀಸಗಡದಲ್ಲಿರುವ ಕೊರಿಯಾ ಸಂಸ್ಥಾನದ ಅರಸರು ಮೂರು ಚೀತಾಗಳನ್ನು ಗುಂಡಿಕ್ಕಿ ಕೊಂದರು. 1952ರಲ್ಲಿ ಅಳಿವು ಘೋಷಣೆಯಾಯಿತು.

ಜತ್ತದಿಂದ:
ನೆಲದ ಮಾತನ್ನೂ ಸೇರಿಸಬೇಕು. ಹುಲ್ಲುಗಾವಲನ್ನು ಬೀಳು ಭೂಮಿಯೆಂದು ಬರೆದುಕೊಂಡ ಆಡಳಿತ ಅದನ್ನು ಉಳುಮೆಗೂ ನೆಡುತೋಪಿಗೂ ಬಿಟ್ಟುಕೊಟ್ಟಿತು. 2022ರಲ್ಲಿ ನಮೀಬಿಯಾದಿಂದ 8, ಮರುವರ್ಷ ದಕ್ಷಿಣ ಆಫ್ರಿಕಾದಿಂದ 12 ಚೀತಾಗಳು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದವು. ಕೆಲವು ಸತ್ತವು, ಮರಿಗಳೂ ಹುಟ್ಟಿವೆ. ಆದರೆ ಇವು ಆಫ್ರಿಕಾದ ತಳಿ. ಏಷ್ಯಾದ ಚೀತಾ ಈಗ ಇರಾನಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ.

ಅಕ್ಕಲಕೋಟೆಯ ಓದುಗ:
ಧನ್ಯವಾದಗಳು. ಚೀತಾ ಉದ್ಯಾನದ ಗಡಿ ದಾಟಿದರೆ ಕುರಿಗಾರರ ಪಾಡೇನು?

ಜತ್ತದಿಂದ:
ನಮೀಬಿಯಾದಲ್ಲಿ ಬಹುಪಾಲು ಚೀತಾಗಳು ಇರುವುದೇ ಖಾಸಗಿ ಜಮೀನುಗಳಲ್ಲಿ. ಅಲ್ಲಿ 1994ರಿಂದ ರೈತರಿಗೆ ಅನಾತೋಲಿಯಾ ತಳಿಯ ಕಾವಲು ನಾಯಿಗಳನ್ನು ಕೊಡಲಾಗುತ್ತಿದೆ. ಮರಿಯಿದ್ದಾಗಿನಿಂದ ಹಿಂಡಿನಲ್ಲೇ ಬೆಳೆದ ನಾಯಿ ಬೊಗಳಿದರೆ, ಕಾದಾಟಕ್ಕೆ ಹಿಂಜರಿಯುವ ಚೀತಾ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ.