ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಡೌನ್: ದೋಷ ಹುಡುಕುವುದು ಹೇಗೆ?

ದಾವಣಗೆರೆಯಿಂದ ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಕಾರು. ಸಂಜೆ ಸರಿಯಾಗಿ ಸ್ಟಾರ್ಟ್ ಆಗುವ ಗಾಡಿ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿಸಿ ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ಏನನ್ನು ಪರೀಕ್ಷಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಚಿತ್ರದುರ್ಗದಿಂದ ಉತ್ತರ: ಸರ್, ಬ್ಯಾಟರಿಯೇ ಚಾರ್ಜ್ ಹಿಡಿಯುತ್ತಿಲ್ಲವೋ ಅಥವಾ ಕಾರಿನೊಳಗೆ ಯಾವುದೋ ಒಂದು ರಾತ್ರಿಯಿಡೀ ಕರೆಂಟ್ ಎಳೆಯುತ್ತಿದೆಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಬಿಟ್ಟು ಮಲ್ಟಿಮೀಟರಿನಲ್ಲಿ (ವೋಲ್ಟ್, ಕರೆಂಟ್ ಅಳೆಯುವ ಮೀಟರ್) ಅಳೆದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು; ಆಮೇಲೆ ನೆಗೆಟಿವ್ ವೈರನ್ನು ಕಳಚಿಟ್ಟು, ಬೆಳಿಗ್ಗೆ ಜೋಡಿಸುವ ಮೊದಲು ಇನ್ನೊಮ್ಮೆ ಅಳೆಯಿರಿ. ಆಗಲೂ 12.2ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೆ ಬ್ಯಾಟರಿಯೇ ಸೋತಿದೆ, ಗ್ಯಾರೇಜಿನವರು ಹೇಳಿದ್ದು ಸರಿ. ಇಳಿಯದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಇದೇ ಗತಿಯಾದೀತು.

ಇಲ್ಲಿ ಒಂದು ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ 35 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್) ಬ್ಯಾಟರಿ ಸಾಮಾನ್ಯ. ನಿಂತ ಕಾರು ಗಡಿಯಾರ, ಅಲಾರಂ ಮುಂತಾದವುಗಳಿಗೆ ಸುಮಾರು 50 ಮಿಲಿಆಂಪಿಯರ್ ಒಳಗೆ ಎಳೆಯುವುದು ಸಹಜ. ಹತ್ತು ಗಂಟೆಗೆ ಅದು ಅರ್ಧ ಆಂಪಿಯರ್-ಅವರ್ ಮಾತ್ರ. ಡಿಕ್ಕಿಯ 5 ವ್ಯಾಟಿನ ದೀಪ ಆರದೆ ಉಳಿದರೂ ನಾಲ್ಕು ಆಂಪಿಯರ್-ಅವರ್‌ನಷ್ಟು ಹೋಗಬಹುದು, ಗಟ್ಟಿ ಬ್ಯಾಟರಿ ಅದನ್ನು ತಾಳಿಕೊಳ್ಳುತ್ತದೆ. ಆದ್ದರಿಂದ ಒಂದೇ ರಾತ್ರಿಯಲ್ಲಿ ಡೌನ್ ಆಗುತ್ತಿದೆಯೆಂದರೆ ಎರಡು ಮೂರು ಆಂಪಿಯರ್ ಸೋರುತ್ತಿರಬೇಕು, ಇಲ್ಲವೇ ಮೊದಲೇ ಬಳಲಿದ ಬ್ಯಾಟರಿಗೆ ಸಣ್ಣ ಸೋರಿಕೆಯೂ ಸೇರಿಕೊಂಡಿರಬೇಕು. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು.

ಸೋರಿಕೆಯನ್ನು ಅಳೆಯಲು ಮೀಟರನ್ನು 10 ಆಂಪಿಯರ್ ರೇಂಜಿಗಿಟ್ಟು, ನೆಗೆಟಿವ್ ವೈರ್ ಮತ್ತು ಟರ್ಮಿನಲ್ ನಡುವೆ ಜೋಡಿಸಿ, ಬಾಗಿಲುಗಳನ್ನು ಮುಚ್ಚಿ, ಲಾಕ್ ಮಾಡಿ, ಅರ್ಧ ಗಂಟೆಯಾದರೂ ಕಾಯಿರಿ. ಕಾರಿನ ಕಂಪ್ಯೂಟರುಗಳು ನಿದ್ರೆಗೆ ಜಾರುವ ಮೊದಲು ಕಾಣುವ ಅಂಕಿಯನ್ನು ನಂಬುವಂತಿಲ್ಲ. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಬಳಿಕ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ, ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೆಯೋ ಆ ಫ್ಯೂಸಿನ ಮೂಲಕ ಕರೆಂಟ್ ಹೋಗುವ ಸಾಲಿನಲ್ಲೇ ದೋಷವಿದೆ.

ದಾವಣಗೆರೆಯಿಂದ ಇನ್ನೊಂದು ಉತ್ತರ: ಹೊರಗಡೆ ಹಾಕಿಸಿದ ಸ್ಟೀರಿಯೋ, ಜಿಪಿಎಸ್, ಡ್ಯಾಶ್ ಕ್ಯಾಮೆರಾ ಇದ್ದರೆ ಅಲ್ಲಿಂದಲೇ ಶುರುಮಾಡಿ ಸರ್. ನಮ್ಮ ಕಾರಿಗೆ ಸ್ಟೀರಿಯೋ ಕೂರಿಸಿದವರು, ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕಾದ ಕೆಂಪು ವೈರನ್ನೂ ಸದಾ ಕರೆಂಟ್ ಇರುವ ಹಳದಿ ವೈರಿಗೇ ಸೇರಿಸಿದ್ದರು. ಅದನ್ನು ಬೇರ್ಪಡಿಸಿದ ಮೇಲೆ ತೊಂದರೆ ನಿಂತಿತು. ಎಲ್ಲ ಫ್ಯೂಸ್ ತೆಗೆದರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ) ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ, ಕೆಟ್ಟಿರಬಹುದು, ಅದನ್ನು ಆಟೋ ಎಲೆಕ್ಟ್ರಿಷಿಯನ್ ನೋಡಬೇಕು. ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಬರುತ್ತಿದೆಯೇ ಎಂದೂ ಅಳೆಸಿರಿ. ನಮ್ಮೂರಿನ ಬೇಸಿಗೆಯಲ್ಲಿ ಬ್ಯಾಟರಿ ಬೇಗ ಸವೆಯುತ್ತದೆ. ಮನೆಯಿಂದ ಪೇಟೆಗೆ ಹೋಗಿಬರುವ ಸಣ್ಣ ಓಡಾಟದಲ್ಲಿ ಅದು ಪೂರ್ತಿ ತುಂಬುವುದೂ ಇಲ್ಲ. ಆದ್ದರಿಂದ ಸೋರಿಕೆ ಸರಿಪಡಿಸಿದ ನಂತರ ಚಾರ್ಜರಿಗೆ ಹಾಕಿಸಿ, ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ಬ್ಯಾಟರಿಯ ಬಲ ನೋಡುವ ಪರೀಕ್ಷೆ) ಮಾಡಿಸಿಯೇ ಹಳೆಯ ಬ್ಯಾಟರಿಯನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂದು ನಿರ್ಧರಿಸಿ.